ಅಕ್ಟೋಬರ್ ತಿಂಗಳ ಕುಲಾವಿ

ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸೋದು ಅಂತ ನಮ್ಮಲ್ಲಿ ಒಂದು ಮಾತಿದೆಯಲ್ಲ, ಅದನ್ನ ಸಾವಿರಾರು ಜನ ಸೇರಿ ಒಂದು ಇಡೀ ತಿಂಗಳು ಮಾಡೋದನ್ನ ನೋಡ್ಬೇಕು ಅಂದ್ರೆ ಅಕ್ಟೋಬರ್‌ನಲ್ಲಿ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಅಭಿಮಾನಿಗಳ ಮಧ್ಯೆ ಹೋಗಿ ಕೂರ್ಬೇಕು. ಲೆಕ್ಕಕ್ಕೆ ಬರೋ ಮ್ಯಾಚು ಇನ್ನೂ ಒಂದೂ ಆಗಿರಲ್ಲ. ಆದ್ರೆ ಮಾರ್ಚ್ ತಿಂಗಳ ಟೂರ್ನಮೆಂಟಿನಲ್ಲಿ ತಮ್ಮ ಟೀಮು ಎಲ್ಲಿವರೆಗೆ ಹೋಗುತ್ತೆ, ಬೆಂಚಿನಲ್ಲಿರೋ ಎಂಟನೇ ಹುಡುಗ ಎಷ್ಟು ನಿಮಿಷ ಆಡ್ತಾನೆ, ಕೋಚಿಗೆ ಬುದ್ಧಿ ಇದೆಯೋ ಇಲ್ವೋ, ಎಲ್ಲಾ ತೀರ್ಮಾನ ಆಗಿ ಹೋಗಿರುತ್ತೆ!

ಊರಲ್ಲಿ ಕೂತು ಓದೋರಿಗೆ ಸ್ವಲ್ಪ ಪೀಠಿಕೆ. ಈ ಕಾಲೇಜು ಬ್ಯಾಸ್ಕೆಟ್‌ಬಾಲ್ ಸೀಸನ್ ಶುರುವಾಗೋದು ನವೆಂಬರ್ ಮೊದಲ ವಾರದಲ್ಲಿ. ಅದಕ್ಕೆ ಮುಂಚೆ ಪ್ರಾಕ್ಟೀಸ್ ಮ್ಯಾಚುಗಳು ಇರ್ತವೆ, ಸ್ಕ್ರಿಮೇಜ್ ಅಂತಾರೆ. ವಿದೇಶಿ ಕ್ರಿಕೆಟ್ ಟೀಮು ನಮ್ಮಲ್ಲಿಗೆ ಬಂದಾಗ ಟೆಸ್ಟಿಗೆ ಮುಂಚೆ ಬೋರ್ಡ್ ಅಧ್ಯಕ್ಷರ ಇಲೆವೆನ್ ಜೊತೆ ಮೂರು ದಿನ ಆಡ್ತಿದ್ರಲ್ಲ, ಆ ಥರ ಅಂದ್ಕೊಳ್ಳಿ. ಕೆಲವು ಸಲ ತಮ್ಮ ಹುಡುಗರನ್ನೇ ಎರಡು ಭಾಗ ಮಾಡಿ ಆಡಿಸ್ತಾರೆ, ಕೆಲವು ಸಲ ಇನ್ನೊಂದು ಕಾಲೇಜಿನ ಜೊತೆ ಟಿಕೆಟ್ ಇಟ್ಟು ಆಡ್ತಾರೆ. ಬಾಗಿಲು ಹಾಕ್ಕೊಂಡು ಆಡೋದೂ ಉಂಟು, ಅಲ್ಲಿಗೆ ಪ್ರೇಕ್ಷಕರಿಗೂ ಪತ್ರಕರ್ತರಿಗೂ ಪ್ರವೇಶ ಇಲ್ಲ. ಮಾರನೇ ದಿನ ಬೆಳಿಗ್ಗೆ ಅದರ ಸ್ಕೋರು ಎಲ್ಲರಿಗೂ ಗೊತ್ತಿರುತ್ತೆ ಅನ್ನೋದು ಬೇರೆ ಮಾತು.

ಪ್ರಾಕ್ಟೀಸನ್ನೇ ಜಾತ್ರೆ ಮಾಡೋ ಚಾಳಿ ಈ ದೇಶದಲ್ಲಿ ಇವತ್ತು ನೆನ್ನೆಯದಲ್ಲ. 1971ರಲ್ಲಿ ಮೇರಿಲ್ಯಾಂಡ್ ಕೋಚ್ ಲೆಫ್ಟಿ ಡ್ರೀಸೆಲ್, ಅಕ್ಟೋಬರ್ 15ಕ್ಕೆ ಮುಂಚೆ ಪ್ರಾಕ್ಟೀಸ್ ಮಾಡೋ ಹಾಗಿಲ್ಲ ಅನ್ನೋ ನಿಯಮ ಇದ್ದದ್ದಕ್ಕೆ, ಸರಿಯಾಗಿ ಆ ದಿನದ ನಡುರಾತ್ರಿ ಹುಡುಗರನ್ನ ಎಬ್ಬಿಸಿ ಒಂದು ಮೈಲಿ ಓಡಿಸಿದ್ನಂತೆ. ಅಲ್ಲಿಂದ ಬಂದದ್ದೇ ಮಿಡ್‌ನೈಟ್ ಮ್ಯಾಡ್‌ನೆಸ್. ನಡುರಾತ್ರಿ ಹೋಯ್ತು, ಮ್ಯಾಡ್‌ನೆಸ್ ಮಾತ್ರ ಉಳೀತು :-)

ಇಷ್ಟೆಲ್ಲಾ ಯಾಕೆ ಹೇಳ್ತಿದ್ದೀನಿ ಅಂದ್ರೆ, 2025ರ ಅಕ್ಟೋಬರ್‌ನಲ್ಲಿ ಕೆಂಟಕಿ ಟೀಮಿನ ಸುತ್ತ ನಡೆದದ್ದು ಇನ್ನೂ ನನ್ನ ತಲೆಯಲ್ಲಿ ಕೊರೀತಾ ಇದೆ. (ಹೌದು, ನಾನು ಕೆಂಟಕಿ ಕಡೆಯವನು. ಬೈಯೋರು ಬೈಕೊಳ್ಳಿ.) ಆ ವರ್ಷ ಪತ್ರಕರ್ತರ ಎ.ಪಿ. ಪಟ್ಟಿಯಲ್ಲಿ ಸೀಸನ್ನಿಗೆ ಮುಂಚೆ ಪರ್ಡ್ಯೂ ಒಂದನೇ ಸ್ಥಾನ, ಕೆಂಟಕಿ ಒಂಬತ್ತನೇದು. ಅಕ್ಟೋಬರ್ 24ಕ್ಕೆ ಲೆಕ್ಸಿಂಗ್ಟನ್‌ನ ರಪ್ ಅರೀನಾದಲ್ಲಿ ಎರಡೂ ಟೀಮು ಪ್ರದರ್ಶನ ಪಂದ್ಯ ಆಡಿದ್ವು. ಕೆಂಟಕಿ 78, ಪರ್ಡ್ಯೂ 65. ಅಷ್ಟೇ ಸಾಕಾಯ್ತು ನೋಡಿ. ಒಂಬತ್ತನೇ ಪ್ರಶಸ್ತಿಯ ಬ್ಯಾನರ್ ಎಲ್ಲಿ ನೇತು ಹಾಕೋದು ಅಂತ ಜಾಗ ಹುಡುಕೋದೊಂದು ಬಾಕಿ. ವಾರ ಕಳೆಯೋದ್ರೊಳಗೆ ಅದೇ ಮನೆಯಂಗಳದಲ್ಲಿ ಜಾರ್ಜ್‌ಟೌನ್ ಬಂದು 84-70ರಲ್ಲಿ ಹೊಡೆದು ಹೋಯ್ತು. ಆಗ ಅದೇ ಬಾಯಿಗಳು "ಅಯ್ಯೋ ಬಿಡಿ ಸ್ವಾಮಿ, ಅದು ಪ್ರಾಕ್ಟೀಸು" ಅಂದ್ವು.

ಗೆದ್ದರೆ ಪರೀಕ್ಷೆ, ಸೋತರೆ ಪ್ರಾಕ್ಟೀಸು. ನನ್ನ ತಕರಾರು ಇರೋದೇ ಇಲ್ಲಿ.

ಆಮೇಲೆ ಏನಾಯ್ತು? ನವೆಂಬರ್‌ನಲ್ಲಿ ಲೂಯಿವಿಲ್ ಮುಂದೆ 96-88, ಮಿಶಿಗನ್ ಸ್ಟೇಟ್ ಮುಂದೆ 83-66 ಸೋಲು. ಡಿಸೆಂಬರ್ 5ಕ್ಕೆ ನ್ಯಾಶ್‌ವಿಲ್‌ನಲ್ಲಿ ಗೊನ್ಜಾಗಾ ಮುಂದೆ 94-59. ಮೂವತ್ತೈದು ಪಾಯಿಂಟು! ಎಸೆದ ನಾಲ್ಕರಲ್ಲಿ ಮೂರು ಬುಟ್ಟಿಗೆ ಬೀಳಲಿಲ್ಲ ಅನ್ನೋ ಅಷ್ಟು ಕೆಟ್ಟ ಆಟ. ನೀಲಿ ಅಂಗಿ ಹಾಕ್ಕೊಂಡು ಬಂದಿದ್ದ ತಮ್ಮ ಜನವೇ ತಮ್ಮ ಹುಡುಗರನ್ನ ಬೂ ಅಂತ ಕೂಗಿದ್ರು. ಕೋಚ್ ಮಾರ್ಕ್ ಪೋಪ್, 1996ರಲ್ಲಿ ಇದೇ ಕೆಂಟಕಿಗೆ ಆಡಿ ಪ್ರಶಸ್ತಿ ಗೆದ್ದ ಮನುಷ್ಯ, ಆ ಕೂಗು ನ್ಯಾಯವಾದದ್ದೇ, ಅದರಲ್ಲಿ ಹೆಚ್ಚಿನ ಪಾಲು ತನಗೇ ಸೇರಬೇಕು ಅಂತ ಒಪ್ಪಿಕೊಂಡ. ಎರಡು ವಾರದ ಮೇಲೆ ಅದೇ ಹುಡುಗರು ಅಟ್ಲಾಂಟಾದಲ್ಲಿ ಸೇಂಟ್ ಜಾನ್ಸ್ ಮೇಲೆ ಗೆದ್ರು. ಹಾಗಾದ್ರೆ ಯಾವುದು ನಿಜವಾದ ಟೀಮು? ನಂಬರ್ ಒಂದನ್ನ ಹೊಡೆದದ್ದೋ, ಗೊನ್ಜಾಗಾ ಕೈಲಿ ಬಟ್ಟೆ ಒಗೆಸಿಕೊಂಡದ್ದೋ?

ನನ್ನ ಮಟ್ಟಿಗೆ ಹೇಳೋದಾದ್ರೆ ಅಕ್ಟೋಬರ್ 24ರ ಸ್ಕೋರು ಏನೂ ಹೇಳಲಿಲ್ಲ. ಆದ್ರೆ ಆ ಆಟ ಏನೂ ಹೇಳಲಿಲ್ಲ ಅಂತಲ್ಲ. ಪಿಟ್ಸ್‌ಬರ್ಗ್ ಯೂನಿವರ್ಸಿಟಿ ಬಿಟ್ಟು ಬಂದಿದ್ದ ಜೇಲೆಂಡ್ ಲೋ, ಬಾಲು ತಂದು ಆಟ ಕಟ್ಟಬೇಕಾದ ಪಾಯಿಂಟ್ ಗಾರ್ಡ್, ಅದಕ್ಕೆ ಒಂದು ವಾರ ಮುಂಚೆ ಟೀಮಿನೊಳಗಿನ ನೀಲಿ-ಬಿಳಿ ಪಂದ್ಯದಲ್ಲೇ ಭುಜ ನೋಯಿಸಿಕೊಂಡಿದ್ದ. ಅರಿಜೋನಾ ಸ್ಟೇಟ್‌ನಿಂದ ಬಂದ ಜೇಡನ್ ಕ್ವೇಂಟನ್ಸ್, ಇಡೀ ಟೀಮಿನಲ್ಲೇ ಎತ್ತರದ ಆಟದ ದೊಡ್ಡ ಆಸೆ, ಮಂಡಿ ಆಪರೇಷನ್ ಆಗಿ ಬಟ್ಟೆ ಹಾಕ್ಕೊಂಡು ಕೂತಿದ್ದ. ಹಿಂದಿನ ವರ್ಷ ದೂರದಿಂದ ಎಸೆದ ನೂರಕ್ಕೆ ನಲವತ್ಮೂರನ್ನ ಬುಟ್ಟಿಗೆ ಹಾಕ್ತಿದ್ದ ಕೋಬಿ ಬ್ರೇ ಕಾಲೇಜು ಮುಗಿಸಿ ಹೋಗಿಯಾಗಿತ್ತು. ಆ ಜಾಗದಲ್ಲಿ ಯಾರು ದೂರದಿಂದ ಎಸೀತಾರೆ? ಲೋ ಇಲ್ದೇ ಇದ್ರೆ ಒತ್ತಡ ಬಿದ್ದಾಗ ಬಾಲು ಯಾರ ಕೈಲಿರುತ್ತೆ? ಡಿಸೆಂಬರ್‌ನಲ್ಲಿ ಕಾಡಿದ ಪ್ರಶ್ನೆಗಳೆಲ್ಲ ಅಕ್ಟೋಬರ್‌ನಲ್ಲೇ ಕಣ್ಣ ಮುಂದೆ ಕುಣೀತಿದ್ವು. 78-65 ಅನ್ನೋ ಅಂಕಿ ಅದರ ಮೇಲೆ ಕಂಬಳಿ ಹೊದಿಸಿತ್ತು, ಅಷ್ಟೇ.

ಇದರ ಉಲ್ಟಾ ಕಥೆ ಇನ್ನೂ ಸೊಗಸಾಗಿದೆ. 2009ರ ನವೆಂಬರ್ 3. ಸಿರಕ್ಯೂಸ್ ಯೂನಿವರ್ಸಿಟಿ, ಜಿಮ್ ಬೇಹೈಮ್ ಅನ್ನೋ ದೊಡ್ಡ ಹೆಸರಿನ ಕೋಚ್. ಪ್ರದರ್ಶನ ಪಂದ್ಯಕ್ಕೆ ಎದುರಾಳಿ ಯಾರು ಅಂದ್ರೆ ಅದೇ ಊರಿನ ಲೆ ಮೊಯ್ನ್ ಅನ್ನೋ ಸಣ್ಣ ಕಾಲೇಜು, ಆಗ ಎರಡನೇ ದರ್ಜೆ ವಿಭಾಗದಲ್ಲಿ ಆಡ್ತಿದ್ದದ್ದು. ಅವರು ಸಿರಕ್ಯೂಸ್ ಮನೆಯಂಗಳಕ್ಕೇ ಬಂದು 82-79ರಲ್ಲಿ ಗೆದ್ದು ಹೋದ್ರು! ಊರೊಳಗೆ ಎಷ್ಟು ಮರ್ಯಾದೆ ಹೋಗಿರಬೇಡ, ನೀವೇ ಯೋಚಿಸಿ.

ಆದ್ರೆ ಆ ದಿನ ಬೇಹೈಮ್ ಏನು ಮಾಡ್ತಿದ್ದ ಅನ್ನೋದು ಮುಖ್ಯ. ಆತನ ಹೆಗ್ಗುರುತು ಎರಡು-ಮೂರು ಝೋನ್. ಮುಂದೆ ಇಬ್ಬರು, ಹಿಂದೆ ಮೂವರು ನಿಂತು, ಆಳನ್ನ ಕಾಯೋ ಬದಲು ಜಾಗ ಕಾಯೋದು. ಲೆ ಮೊಯ್ನ್ ಜೊತೆ ಆಡುವಾಗ ಅದನ್ನ ಪಕ್ಕಕ್ಕಿಟ್ಟು ಒಬ್ಬೊಬ್ಬ ಎದುರಾಳಿಗೂ ಒಬ್ಬೊಬ್ಬನನ್ನ ಅಂಟಿಸೋ ಮ್ಯಾನ್-ಟು-ಮ್ಯಾನ್ ಆಡಿಸಿ ನೋಡ್ತಿದ್ದ. ಅದು ಈ ಹುಡುಗರಿಗೆ ಹೊಂದಲ್ಲ ಅಂತ ಗೊತ್ತಾಯ್ತು. ಝೋನಿಗೆ ವಾಪಸ್ ಬಂದ. ಅದೇ ತಿಂಗಳು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಕ್ಯಾಲಿಫೋರ್ನಿಯಾ ಟೀಮನ್ನೂ, ಹಿಂದಿನ ವರ್ಷದ ಚಾಂಪಿಯನ್ ನಾರ್ತ್ ಕೆರೊಲಿನಾವನ್ನೂ ಬೆನ್ನು ಬೆನ್ನಿಗೆ ಹೊಡೆದರು. ಸೀಸನ್ ಮುಗಿಯೋ ಹೊತ್ತಿಗೆ 30 ಗೆಲುವು, 5 ಸೋಲು, ಟೂರ್ನಮೆಂಟಿನಲ್ಲಿ ನಂಬರ್ ಒನ್ ಸೀಡು. ಆ ನವೆಂಬರ್ 3ರ ರಾತ್ರಿ ಅಭಿಮಾನಿಗಳು ಕೊಟ್ಟ ಸರ್ಟಿಫಿಕೇಟನ್ನ ಯಾರಾದ್ರೂ ಫ್ರೇಮ್ ಹಾಕಿಸಿ ಇಡ್ಬೇಕಿತ್ತು.

ನಾಟಕದ ಕಂಪನಿಯೋರು ಪ್ರದರ್ಶನಕ್ಕೆ ಮುಂಚೆ ತಾಲೀಮು ಮಾಡ್ತಾರೆ. ಪಾತ್ರಧಾರಿ ಮಾತು ತಪ್ಪಬೇಕಾದ ಜಾಗ ಅದೇ ಅಲ್ವಾ? ಅಲ್ಲೇ ಟಿಕೆಟ್ ತಗೊಂಡು ಹೋಗಿ ಕೂತು, ದುರ್ಯೋಧನ ಮಾತು ಮರೆತ, ಈ ಕಂಪನಿ ಉದ್ಧಾರ ಆಗಲ್ಲ ಅಂದ್ರೆ ಹೇಗೆ?

ಸರಿ, ಸ್ಕ್ರಿಮೇಜ್ ಬಿಡಿ, ಕಾಗದದ ಮೇಲೆ ಹುಡುಗರ ಪಟ್ಟಿ ನೋಡಿ ಹೇಳಬಹುದಲ್ಲ ಅಂತೀರಾ? ಅಲ್ಲೂ ಒಂದು ವರ್ಷ ಮರೆಯೋ ಹಾಗೇ ಇಲ್ಲ. ನಾರ್ತ್ ಕೆರೊಲಿನಾ 2022ರ ಫೈನಲ್‌ನಲ್ಲಿ ಕ್ಯಾನ್ಸಸ್ ಮೇಲೆ ಅರ್ಧ ಆಟಕ್ಕೆ 15 ಪಾಯಿಂಟು ಮುಂದಿದ್ದು 72-69ರಲ್ಲಿ ಸೋತಿತ್ತು. ಆ ಐದು ಜನರಲ್ಲಿ ನಾಲ್ವರು ಮುಂದಿನ ವರ್ಷಕ್ಕೂ ಉಳಿದ್ರು: ಬೇಕಾಟ್, ಡೇವಿಸ್, ಲವ್, ಬ್ಲ್ಯಾಕ್. ಇನ್ನೇನು ಬೇಕು? ಪಟ್ಟಿಯಲ್ಲಿ ನಂಬರ್ ಒನ್ ಕೊಟ್ರು. ಹೋದೋನು ಒಬ್ಬನೇ, ಬ್ರೇಡಿ ಮ್ಯಾನೆಕ್. ಗಡ್ಡದ ಹುಡುಗ, ಉದ್ದಕ್ಕೆ ಇದ್ದ, ದೂರದಿಂದ ಚೆನ್ನಾಗಿ ಎಸೀತಿದ್ದ. ಒಬ್ಬ ಹೋದ್ರೆ ಏನಾಗುತ್ತೆ ಅಂದ್ರು. ಏನಾಯ್ತು ಅಂದ್ರೆ, ಎದುರಾಳಿಗಳು ಅಂಗಳದ ಮಧ್ಯಕ್ಕೆ ಗುಂಪಾಗಿ ನಿಂತ್ರು, ದೂರದಿಂದ ಎಸೆದ ನೂರರಲ್ಲಿ ಮೂವತ್ತೊಂದು ಮಾತ್ರ ಬಿತ್ತು, 20 ಗೆಲುವು 13 ಸೋಲು, ಟೂರ್ನಮೆಂಟಿಗೆ ಕರೆಯೇ ಬರಲಿಲ್ಲ. 1985ರಲ್ಲಿ ಟೂರ್ನಮೆಂಟು 64 ಟೀಮಿಗೆ ದೊಡ್ಡದಾದ ಮೇಲೆ ಸೀಸನ್ನಿಗೆ ಮುಂಚಿನ ನಂಬರ್ ಒನ್ ಟೀಮಿಗೆ ಹೀಗಾದದ್ದು ಅದೇ ಮೊದಲು.

ಅದೇ ವರ್ಷ ಗೆದ್ದೋರು ಯಾರು ಗೊತ್ತಾ? ಕನೆಕ್ಟಿಕಟ್. ಅಕ್ಟೋಬರ್ ಪಟ್ಟಿಯ 25ರಲ್ಲಿ ಅವರ ಹೆಸರೇ ಇರಲಿಲ್ಲ! ಈಸ್ಟ್ ಕೆರೊಲಿನಾದಿಂದ ಒಬ್ಬ ಟ್ರಿಸ್ಟೆನ್ ನ್ಯೂಟನ್, ಸ್ಯಾನ್ ಡಿಯೇಗೊದಿಂದ ಒಬ್ಬ ಜೋಯಿ ಕ್ಯಾಲ್ಕಟೆರಾ, ಹೀಗೆ ಅಲ್ಲಿಂದ ಇಲ್ಲಿಂದ ಬಂದೋರನ್ನ ಹಳಬರ ಜೊತೆ ಸೇರಿಸಿ ಕಟ್ಟಿದ ಟೀಮು. 2023ರ ಟೂರ್ನಮೆಂಟಿನ ಆರೂ ಮ್ಯಾಚನ್ನ ಹತ್ತಕ್ಕಿಂತ ಜಾಸ್ತಿ ಪಾಯಿಂಟಿನಿಂದ ಗೆದ್ರು. ಹಾಗಂತ ಹಳಬರು ಬೇಡ, ಹೊಸಬರೇ ಮೇಲು ಅಂತ ನಾನು ಹೇಳ್ತಿಲ್ಲ. ಹೊಂದಾಣಿಕೆ ಅನ್ನೋದು ಹೆಸರುಗಳ ಪಟ್ಟಿಯಲ್ಲಿ ಕಾಣಲ್ಲ, ಅಷ್ಟೇ ನನ್ನ ಮಾತು. ಸಾರಿಗೆ ಹುಣಸೆಹಣ್ಣು ಹಾಕಿಲ್ಲ ಅಂತ ಸಾಮಾನಿನ ಚೀಟಿ ನೋಡಿ ಗೊತ್ತಾಗಲ್ಲ, ಬಾಯಿಗಿಟ್ಟಾಗಲೇ ಗೊತ್ತಾಗೋದು.

ಇದೆಲ್ಲಾ ಮುಂಚಿನಿಂದಲೂ ಇದ್ದದ್ದೇ. ಆದ್ರೆ ಈಚೆಗೆ ಒಂದು ಬದಲಾವಣೆ ಆಗಿದೆ, ಅದು ನನ್ನನ್ನ ನಿಜವಾಗ್ಲೂ ಕಾಡುತ್ತೆ. 2021ರಿಂದ ಹುಡುಗರು ತಮ್ಮ ಹೆಸರಿನಿಂದ ದುಡ್ಡು ಮಾಡಬಹುದು. 2024ರಿಂದ ಓದಿನಲ್ಲಿ ಸರಿಯಾಗಿದ್ರೆ ಎಷ್ಟು ಸಲ ಬೇಕಾದ್ರೂ ಕಾಲೇಜು ಬದಲಾಯಿಸಿ ತಕ್ಷಣ ಆಡಬಹುದು. 2025ರ ಜುಲೈನಿಂದ ಕಾಲೇಜುಗಳೇ ನೇರವಾಗಿ ಆಟಗಾರರಿಗೆ ದುಡ್ಡು ಹಂಚಬಹುದು, ಮೊದಲ ವರ್ಷಕ್ಕೆ ಎಲ್ಲಾ ಆಟ ಸೇರಿ ಒಂದು ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್ ಮಿತಿ. ಇದು ಬಂದದ್ದು ಒಳ್ಳೇದೇ ಆಯ್ತು ಅಂತ ನನ್ನ ಅಭಿಪ್ರಾಯ. ಇಪ್ಪತ್ತು ಸಾವಿರ ಜನ ಟಿಕೆಟ್ ಕೊಟ್ಟು ನೋಡೋ ಆಟದಲ್ಲಿ ಕೋಚಿಗೆ ಕೋಟಿ, ಆಡೋ ಹುಡುಗನಿಗೆ ಸ್ಕಾಲರ್‌ಶಿಪ್ ಮಾತ್ರ ಅನ್ನೋದು ಯಾವ ನ್ಯಾಯ ಸ್ವಾಮಿ?

ಆದ್ರೆ ಇದರಿಂದ ನೋಡೋರ ಮನಸ್ಸು ಕೆಟ್ಟಿದೆ. 2024ರಲ್ಲಿ ಪೋಪ್ ಬಂದಾಗ ಕೆಂಟಕಿ ಟೀಮು ಹೆಚ್ಚುಕಮ್ಮಿ ಪೂರ್ತಿ ಹೊಸದು. ಯಾರಿಗೂ ಯಾರ ಹೆಸರೂ ಗೊತ್ತಿರಲಿಲ್ಲ, ಹಾಗಾಗಿ ಆಸೆಯೂ ಕಡಿಮೆ. ಬಟ್ಲರ್, ಕಾರ್, ಅಮಾರಿ ವಿಲಿಯಮ್ಸ್ ಅಂಥೋರನ್ನ ಆಡ್ತಾ ಆಡ್ತಾ ಪರಿಚಯ ಮಾಡ್ಕೊಂಡ್ವಿ. ಡ್ಯೂಕನ್ನ ಹೊಡೆದ್ರು, 2025ರ ಮಾರ್ಚ್‌ನಲ್ಲಿ ಕೊನೆಯ ಹದಿನಾರರವರೆಗೆ ಹೋದ್ರು, ಸೋತಾಗ್ಲೂ ಜನ ಚಪ್ಪಾಳೆ ತಟ್ಟಿದ್ರು. ಮುಂದಿನ ವರ್ಷ ದುಡ್ಡಿನ ಸುದ್ದಿ ಮೊದಲು ಬಂತು, ಹುಡುಗರು ಆಮೇಲೆ ಬಂದ್ರು. ಇಷ್ಟು ಕೊಟ್ಟಿದ್ದೀವಿ, ಎಷ್ಟು ಬರುತ್ತೆ ಅಂತ ಷೇರು ಕೊಂಡೋರ ಥರ ಅಕ್ಟೋಬರ್‌ನಲ್ಲೇ ಲೆಕ್ಕ ಕೇಳೋಕೆ ಶುರು. ದುಡ್ಡು ಕೊಟ್ಟೋನು ಕಾಲೇಜು, ಬೂ ಅನ್ನೋನು ನಾವು. ಆ ಕಡೆ ನಿಂತಿರೋನು ಹದಿನೆಂಟು-ಹತ್ತೊಂಬತ್ತರ ಹುಡುಗ. ಆ ವರ್ಷದ ಟೀಮಿನ ಸೆಂಟರ್ ಮಲಾಕೈ ಮೊರೇನೊ ಲೆಕ್ಸಿಂಗ್ಟನ್ ಪಕ್ಕದ ಊರಿನೋನೇ, ಹಿಂದಿನ ವರ್ಷ ಹೈಸ್ಕೂಲಿನಲ್ಲಿದ್ದ. ನಮ್ಮ ಮನೆ ಮಕ್ಕಳು ಪಿಯುಸಿ ಮುಗಿಸಿ ಮೊದಲ ಸೆಮಿಸ್ಟರಿಗೆ ಹೋಗೋ ವಯಸ್ಸು.

ಇವರು ಒಂದು ಕಡೆ ಇರೋದೇ ಒಂದು ವರ್ಷ, ಹೆಚ್ಚಂದ್ರೆ ಎರಡು. ಮೊದಲಾದ್ರೆ ನಾಲ್ಕು ವರ್ಷ ಒಬ್ಬ ಹುಡುಗ ಬೆಳೆಯೋದನ್ನ ನೋಡಬಹುದಿತ್ತು. ಈಗ ಅಕ್ಟೋಬರ್ ತಿಂಗಳ ಈ ಎರಡು ಮೂರು ಆಟಗಳೇ ಪರಿಚಯದ ಸಮಯ. ಯಾರು ಎಡಗೈಯೋನು, ಯಾರು ಬಿದ್ದ ಬಾಲಿಗೆ ನೆಲಕ್ಕೆ ಹಾರ್ತಾನೆ, ಯಾರು ತಪ್ಪು ಮಾಡಿದಾಗ ಬೆಂಚಿನ ಕಡೆ ನೋಡ್ತಾನೆ, ಇದನ್ನೆಲ್ಲಾ ನೋಡೋದಕ್ಕೆ ಸಿಗೋ ಸಮಯವನ್ನೂ ಮಾರ್ಕ್ಸ್ ಕಾರ್ಡ್ ತುಂಬೋದ್ರಲ್ಲೇ ಕಳೀತೀವಲ್ಲ ಅಂತ ಬೇಜಾರು.

ಮುಂದಿನ ಅಕ್ಟೋಬರ್‌ಗೆ ನಾನು ನೋಡೋದು ಇಷ್ಟು. ಪಾಯಿಂಟ್ ಗಾರ್ಡ್ ಕೂತಾಗ ಬಾಲು ಯಾರ ಕೈಗೆ ಹೋಗುತ್ತೆ. ದೊಡ್ಡ ಹುಡುಗ ಎರಡು ಫೌಲ್ ಮಾಡಿದ ಮೇಲೆ ಕೋಚ್ ಅವನನ್ನ ಬಿಡ್ತಾನೋ, ಎಳೆದು ಕೂರಿಸ್ತಾನೋ. ಬುಟ್ಟಿಗೆ ಬೀಳದ ಬಾಲಿನ ಹಿಂದೆ ಎಷ್ಟು ಜನ ಹೋಗ್ತಾರೆ. ಇಪ್ಪತ್ತು ಪಾಯಿಂಟು ಮುಂದಿರುವಾಗ ಕೊನೆಯ ಐದು ನಿಮಿಷ ಯಾವ ಐವರು ಅಂಗಳದಲ್ಲಿ ಇರ್ತಾರೆ, ಅವರು ಒಬ್ಬರಿಗೊಬ್ಬರು ಮಾತಾಡ್ತಾರಾ.

ನಿಮ್ಮ ನಿಮ್ಮ ಊರಿನ ಕಾಲೇಜು ಟೀಮಿನಲ್ಲೂ ಇಂಥ ಲೆ ಮೊಯ್ನ್ ಕಥೆ ಇದ್ರೆ ಬರೀರಿ, ಓದೋಕೆ ಕಾಯ್ತಿರ್ತೀನಿ. ಡ್ಯೂಕ್ ಕಡೆಯೋರು ಮಾತ್ರ 1992ರ ಮ್ಯಾಚಿನ ವಿಷಯ ಎತ್ತಬೇಡಿ :-)