ಟೈರು: ಬಾಳಿಕೆಯೋ, ಹಿಡಿತವೋ?

ಮೆತ್ತನೆಯ ರಬ್ಬರು ಪೆನ್ಸಿಲ್ ಗೆರೆಯನ್ನು ಚೆನ್ನಾಗಿ ಅಳಿಸುತ್ತದೆ, ಆದರೆ ಬೇಗ ಸವೆಯುತ್ತದೆ. ಗಟ್ಟಿ ರಬ್ಬರು ಬಹುಕಾಲ ಬಾಳುತ್ತದೆ, ಆದರೆ ಕಾಗದದ ಮೇಲೆ ಜಾರುತ್ತದೆ. ಮೋಟಾರ್ ಸೈಕಲ್ ಟೈರಿನ ಕಥೆಯೂ ಇದೇ.

ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಗಟ್ಟಿಯಾಗುತ್ತದೆಂದು 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ. ಇಂದಿನ ಟೈರಿಗೆ ಇಂಗಾಲದ ಮಸಿ, ಸಿಲಿಕಾ ಕೂಡ ಸೇರುತ್ತವೆ. ಮಸಿ ಸವೆತವನ್ನು ತಡೆಯುತ್ತದೆ. ಸಿಲಿಕಾ ಒದ್ದೆ ರಸ್ತೆಯಲ್ಲಿ ಹಿಡಿತ ಹೆಚ್ಚಿಸುತ್ತದೆ.

ಹಿಡಿತ ಬರುವುದು ಹೇಗೆ? ರಸ್ತೆಯ ಮೇಲ್ಮೈ ತರಿತರಿಯಾಗಿರುತ್ತದೆ. ಮೆತ್ತನೆಯ ರಬ್ಬರು ಆ ತಗ್ಗುಗಳಿಗೆ ಇಳಿದು ಕಚ್ಚಿಕೊಳ್ಳುತ್ತದೆ. ಹಾಗೆ ಕಚ್ಚುತ್ತಲೇ ಸವೆಯುತ್ತದೆ.

ವೇಗವಾಗಿ ದೂರ ಸಾಗುವ ಬೈಕುಗಳ ‘ಸ್ಪೋರ್ಟ್ ಟೂರಿಂಗ್’ ಟೈರಿಗೆ ಬಾಳಿಕೆಯೂ ಬೇಕು, ಹಿಡಿತವೂ ಬೇಕು. ಅದಕ್ಕೆ ಹಲವು ತಯಾರಕರು ಕಂಡುಕೊಂಡ ಉಪಾಯ ಸರಳ. ನೇರ ಓಟದಲ್ಲಿ ನೆಲಕ್ಕೆ ತಾಗುವ ನಡುಭಾಗಕ್ಕೆ ಗಟ್ಟಿ ರಬ್ಬರು. ತಿರುವಿನಲ್ಲಿ ಬೈಕು ವಾಲಿದಾಗ ತಾಗುವ ಅಂಚುಗಳಿಗೆ ಮೆತ್ತನೆಯದು. ಎಂಜಿನ್ನಿನ ಬಲ ಹೊರುವ ಹಿಂದಿನ ಟೈರು ಸಾಮಾನ್ಯವಾಗಿ ಮೊದಲು ಸವೆಯುತ್ತದೆ.

ಟೈರಿನ ಗೀರುಗಳು ಅಂದಕ್ಕಲ್ಲ, ಮಳೆನೀರನ್ನು ಹೊರದೂಡಲು. ಗೀರಿನೊಳಗಿನ ಪುಟ್ಟ ಉಬ್ಬು ಮೇಲ್ಮೈಗೆ ಸಮವಾದರೆ ಟೈರು ಬದಲಿಸಲೇಬೇಕು. ಪಕ್ಕದ ನಾಲ್ಕಂಕಿಯನ್ನೂ ಓದಿ: 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಓಡದೆ ನಿಂತ ಟೈರಿನ ರಬ್ಬರೂ ವರ್ಷ ಕಳೆದಂತೆ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ.

ಮಕ್ಕಳಿಗೆ ಬೈಕಿನ ಕೀಲಿ ಕೊಡುವ ತಂದೆತಾಯಂದಿರು ಹೆಲ್ಮೆಟ್ಟಿನ ಜೊತೆಗೆ ಟೈರನ್ನೂ ಒಮ್ಮೆ ನೋಡಲಿ. ಬೈಕನ್ನು ರಸ್ತೆಗೆ ಹಿಡಿದಿಡುವುದು ಅಂಗೈಗಿಂತ ಚಿಕ್ಕದಾದ ಎರಡು ರಬ್ಬರು ತುಂಡು, ಅಷ್ಟೇ!