ಮರಿಯ ಮುಖ ನೋಡುವ ಮೊದಲು ತಾಯಿಯ ಸೊಂಟ ನೋಡೋಣ



ಈಚಿನ ವರ್ಷಗಳಲ್ಲಿ ದೇಶದ ತುಂಬ ನಾಯಿಯದೇ ಸುದ್ದಿ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಅಪಾಯಕಾರಿ ಎಂದು ಪಟ್ಟಿ ಮಾಡಿ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದು ಸರಿಯಲ್ಲವೆಂದು ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಪಡಿಸಿತು. 2025ರಲ್ಲಿ ಬೀದಿ ನಾಯಿಗಳ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಇಷ್ಟೆಲ್ಲ ಚರ್ಚೆ ಆದದ್ದು ಕಚ್ಚುವ ನಾಯಿಯ ಬಗ್ಗೆ. ಕುಂಟುವ ನಾಯಿಯ ಬಗ್ಗೆ ಮಾತೇ ಬರಲಿಲ್ಲ. ಆ ಮಾತನ್ನು ಈ ಸಲ ನಾವು ಎತ್ತಿಕೊಂಡಿದ್ದೇವೆ. ಕಾರಣ ನಮ್ಮ ನಾಗಲದಿನ್ನೆಯಲ್ಲೇ ಇದೆ.

ಅಲ್ಲಿನ ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ಒಂದು ಹೆಣ್ಣು ಲ್ಯಾಬ್ರಡಾರ್ ಇದೆ. ಕಾಗದಪತ್ರ ಸಮೇತ ದುಡ್ಡು ಕೊಟ್ಟು ತಂದ ಮರಿ. ಎರಡು ವರ್ಷ ತುಂಬುವ ಹೊತ್ತಿಗೆ ಬೆದೆಗೆ ಬಂತು. ಗಂಡು ನಾಯಿ ಗೊತ್ತಾಯಿತು. ಮರಿ ಬೇಕೆಂದು ನಾಲ್ಕು ಜನ ಅಡ್ವಾನ್ಸನ್ನೂ ಕೊಟ್ಟರು. ಆದರೆ ನಾಯಿ ಬೆಳಿಗ್ಗೆ ಏಳಲು ತಿಣುಕುತ್ತಿತ್ತು. ಓಡುವಾಗ ಹಿಂಗಾಲೆರಡನ್ನೂ ಮೊಲದಂತೆ ಜೊತೆಗೆ ಎತ್ತಿ ಹಾಕುತ್ತಿತ್ತು. ಎಕ್ಸ್‌ರೇ ತೆಗೆಸಿದಾಗ ಎರಡೂ ಸೊಂಟದ ಕೀಲು ಸಡಿಲವೆಂದು ತಿಳಿಯಿತು. ಅವರ ಮನೆಯವರು ಹೇಳಿದ್ದು ಒಂದೇ ಮಾತು: "ಅಡ್ವಾನ್ಸ್ ತಿರುಗಿ ಕೊಟ್ಟುಬಿಡ್ರಿ. ನಮ್ಮ ಮನ್ಯಾಗಿನ ಸಂಕಟ ಇನ್ನೊಬ್ಬರ ಮನಿಗ್ಯಾಕ ಕಳಸೋದು?" ಹಣ ವಾಪಸಾಯಿತು, ಕ್ರಾಸ್ ಮಾಡಿಸಲಿಲ್ಲ. ನಾಯಿ ಅವರ ಮನೆಯಲ್ಲೇ ಇದೆ, ಔಷಧಿ ನಡೆದಿದೆ.

ಈ ದೋಷಕ್ಕೆ ವೈದ್ಯರು ಹಿಪ್ ಡಿಸ್‌ಪ್ಲೇಸಿಯಾ ಎನ್ನುತ್ತಾರೆ. ತೊಡೆಮೂಳೆಯ ಗುಂಡು ಸೊಂಟದ ಬಟ್ಟಲಿನಲ್ಲಿ ಬಿಗಿಯಾಗಿ ಕೂರಬೇಕು. ಅದು ಸಡಿಲವಾದರೆ ಹೆಜ್ಜೆಹೆಜ್ಜೆಗೂ ತಿಕ್ಕಾಡಿ ಕೀಲು ಸವೆಯುತ್ತದೆ, ಕೊನೆಗೆ ಸಂಧಿವಾತ ಹಿಡಿಯುತ್ತದೆ. ಹುಟ್ಟಿದಾಗ ಮರಿಯ ಸೊಂಟ ನೋಡಲು ಸರಿಯಾಗಿಯೇ ಇರುತ್ತದೆ, ದೋಷ ಬೆಳೆಯುತ್ತಾ ಬರುವಂಥದ್ದು. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ರಾಟ್‌ವೀಲರ್, ಸೇಂಟ್ ಬರ್ನಾರ್ಡ್‌ನಂಥ ಭಾರದ ತಳಿಗಳಲ್ಲಿ ಇದು ಹೆಚ್ಚು. ಗ್ರೇಹೌಂಡ್‌ನಂಥ ಓಟದ ತಳಿಗಳಲ್ಲಿ ಬಹಳ ಅಪರೂಪ. ನಮ್ಮ ಮುಧೋಳ ನಾಯಿಯದೂ ಅದೇ ಮೈಕಟ್ಟು.

ಇದು ಬಹಳ ಮಟ್ಟಿಗೆ ರಕ್ತದಲ್ಲಿ ಬರುವ ದೋಷ. ಆದರೆ ಒಂದೇ ಜೀನಿನಿಂದಲ್ಲ, ಹಲವು ಜೀನುಗಳಿಂದ. ಆದ್ದರಿಂದ ಚೆನ್ನಾಗಿ ಓಡಾಡುವ ತಾಯಿಗೂ ಕುಂಟುವ ಮರಿ ಹುಟ್ಟಬಹುದು. ಕಣ್ಣಿಗೆ ಕಾಣುವುದನ್ನು ನಂಬಿದರೆ ಸಾಲದು, ಎಕ್ಸ್‌ರೇ ಬೇಕು. ಅಮೆರಿಕದಲ್ಲಿ 1966ರಿಂದ ಒಂದು ಸಂಸ್ಥೆ ಈ ಎಕ್ಸ್‌ರೇಗಳನ್ನು ನೋಡಿ ಏಳು ದರ್ಜೆಗಳಲ್ಲಿ ತೀರ್ಪು ಕೊಡುತ್ತಿದೆ. ನಾಯಿಗೆ 24 ತಿಂಗಳು ತುಂಬದೆ ಅಂತಿಮ ದರ್ಜೆ ಕೊಡುವುದಿಲ್ಲ. ಬ್ರಿಟನ್ನಿನಲ್ಲಿ ಒಂದು ವರ್ಷ ದಾಟಿದ ಮೇಲೆ ಒಂದೊಂದು ಸೊಂಟಕ್ಕೆ 0ಯಿಂದ 53ರವರೆಗೆ ಅಂಕ ಹಾಕುತ್ತಾರೆ. ಅಂಕ ಕಡಿಮೆಯಾದಷ್ಟೂ ಸೊಂಟ ಒಳ್ಳೆಯದು. ಪೆನ್‌ಹಿಪ್ ಎಂಬ ಇನ್ನೊಂದು ವಿಧಾನದಲ್ಲಿ 16 ವಾರದ ಮರಿಗೇ ಮಂಪರು ಕೊಟ್ಟು ಕೀಲಿನ ಸಡಿಲತೆಯನ್ನು ಅಳೆಯುತ್ತಾರೆ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟದ ಕೇಂದ್ರ ನಿಯಮಗಳು 2017ರಲ್ಲೇ ಬಂದಿವೆ. ಮರಿ ಮಾಡಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. 18 ತಿಂಗಳು ತುಂಬದ ನಾಯಿಯನ್ನು ಕ್ರಾಸ್ ಮಾಡಿಸಬಾರದು. ಒಂದು ಹೆಣ್ಣು ನಾಯಿಗೆ ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದೇ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಒಳ್ಳೆಯ ನಿಯಮಗಳೇ. ಆದರೆ 18 ಮತ್ತು 24ರ ನಡುವಿನ ಆರು ತಿಂಗಳನ್ನು ಗಮನಿಸಿ. ಸೊಂಟದ ಅಂತಿಮ ದರ್ಜೆ ಗೊತ್ತಾಗುವ ಮೊದಲೇ ಮೊದಲ ಸೂಲಿಗೆ ಕಾನೂನಿನ ಅಡ್ಡಿ ಇಲ್ಲ. ಆ ಆರು ತಿಂಗಳು ಕಾಯುವುದು ಮರಿ ಮಾಡಿಸುವವರ ಮನಸ್ಸಿಗೆ ಬಿಟ್ಟದ್ದು. ಅವರು ಕಾಯುವಂತೆ ಮಾಡುವವರು ಕೊಳ್ಳುವ ನಾವು.

ಗುಮಾಸ್ತನ ಕೆಲಸದಿಂದ ಕಲಿತ ಒಂದು ಮಾತು ಇಲ್ಲಿ ಹೇಳಬೇಕು. ಕಾಗದದಲ್ಲಿ ಏನು ಬರೆದಿದೆಯೋ ಅಷ್ಟನ್ನೇ ಓದಬೇಕು, ಬರೆಯದ್ದನ್ನು ಸೇರಿಸಿ ಓದಬಾರದು. ವಂಶಾವಳಿ ಪತ್ರ ತಂದೆ-ತಾಯಿ ಯಾರೆಂದು ಹೇಳುತ್ತದೆ. ಅವರ ಸೊಂಟ ಹೇಗಿದೆ ಎಂಬುದಕ್ಕೆ ಬೇರೆ ಕಾಗದ ಬೇಕು. ನಾಗಲದಿನ್ನೆಯ ಸದಸ್ಯರ ಬಳಿ ಮೊದಲನೆಯದು ಇತ್ತು, ಎರಡನೆಯದನ್ನು ಅವರು ಕೇಳಿರಲಿಲ್ಲ.

ಎಮ್ಮಿಗನೂರು ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ನಾವು ಹೀಗೆ ಮಾಡುತ್ತೇವೆಯೇ? ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೇವೆ. ಎತ್ತಿಗೆ ಇಷ್ಟು ಕೇಳುವವರು ನಾಯಿಮರಿಗೆ ಮುಖ ನೋಡಿ ಮರುಳಾಗುತ್ತೇವೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆ ಅಲ್ಲಿ ಮರೆತುಹೋಗುತ್ತದೆ.

ಇನ್ನು ಮನೆಯಲ್ಲಿ ಈಗಾಗಲೇ ಮರಿ ಇರುವವರಿಗೆ ಎರಡು ಮಾತು. ರಕ್ತದಲ್ಲಿ ಬಂದ ದೋಷವನ್ನು ನಮ್ಮ ಪ್ರೀತಿ ಹೆಚ್ಚಿಸಬಹುದು. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೀವಮಾನವಿಡೀ ಗಮನಿಸಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಶೇ. 25ರಷ್ಟು ಕಡಿಮೆ ತಿಂದ ನಾಯಿಗಳು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು, ಅವುಗಳ ಸೊಂಟದ ಸಂಧಿವಾತವೂ ಕಡಿಮೆಯಿತ್ತು. ಆದ್ದರಿಂದ ಮರಿ ದುಂಡಗಾಗಲೆಂದು ತುರುಕಬೇಡಿ. ವೈದ್ಯರು ಹೇಳದೆ ಕ್ಯಾಲ್ಸಿಯಂ ಟಾನಿಕ್ ಹಾಕಬೇಡಿ. ನುಣುಪಾದ ಬೇತಂಚೆರ್ಲ ಬಂಡೆಯ ನೆಲದ ಮೇಲೆ ಮರಿಯ ಕಾಲು ಜಾರುತ್ತದೆ, ಒಂದು ಗೋಣಿತಾಟು ಹಾಸಿರಿ. ಮೂರು ತಿಂಗಳೊಳಗಿನ ಮರಿಯನ್ನು ಮೆಟ್ಟಿಲು ಹತ್ತಿಸಿ ಇಳಿಸಬೇಡಿ.

ಮರಿ ಕೊಳ್ಳುವವರು ಮೂರು ಪ್ರಶ್ನೆ ಕೇಳಿರಿ: ತಂದೆ-ತಾಯಿಯ ಸೊಂಟದ ಎಕ್ಸ್‌ರೇ ಆಗಿದೆಯೇ? ಯಾವ ವಯಸ್ಸಿನಲ್ಲಿ? ಹಿಂದಿನ ಸೂಲಿನ ಮರಿಗಳು ಈಗ ಹೇಗೆ ನಡೆಯುತ್ತಿವೆ? ಉತ್ತರ ಬಾಯಿಮಾತಿನಲ್ಲಿ ಬೇಡ, ಕಾಗದದಲ್ಲಿ ಇರಲಿ. ಮರಿ ಮಾಡಿಸುವವರು ಮೊದಲು ಪಶುವೈದ್ಯರ ಸಲಹೆ ಪಡೆಯಿರಿ. ನಮ್ಮ ಕಡೆಯವರಿಗೆ ಪ್ರೊದ್ದಟೂರು, ತಿರುಪತಿ, ಗದಗ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಹೊರಡುವ ಮೊದಲು ಎಕ್ಸ್‌ರೇಗೆ ಯಾವ ದಿನ ಬರಬೇಕೆಂದು ವಿಚಾರಿಸಿಕೊಳ್ಳಿ.

ಮುಂದಿನ ಮಾಸಿಕ ಸಭೆಗೆ ದೊಡ್ಡ ತಳಿಯ ನಾಯಿ ಇರುವ ಸದಸ್ಯರು ತಪ್ಪದೆ ಬರಬೇಕು. ಯಾರ ಮನೆಯ ಮರಿ ಎಲ್ಲಿಂದ ಬಂತು, ಸೊಂಟ ಹೇಗಿದೆ ಎಂದು ಒಂದು ಪುಸ್ತಕದಲ್ಲಿ ಬರೆದಿಡಲು ನಾವು ಸಿದ್ಧರಿದ್ದೇವೆ. ಅಡ್ವಾನ್ಸ್ ಹಿಂದಿರುಗಿಸಿದ ನಾಗಲದಿನ್ನೆಯ ಆ ದಂಪತಿಯ ನಾಯಿಯಿಂದಲೇ ಮೊದಲ ಪುಟ ತೆರೆಯೋಣ.

ಇಂತಿ,
ಕಾರ್ಯದರ್ಶಿ