ಮನೆವಾರ್ತೆ: ಬಾಡಿಗೆಯ ಮನೆಗೆ ನೀರಿನ ಲೆಕ್ಕ

ಬೀದರಿನ ಚೌಬಾರದ ಸುತ್ತಿನ ಹಳೆಯ ಬೀದಿಗಳಲ್ಲಾಗಲಿ, ಭಾಲ್ಕಿಯ ಹೊಸ ಬಡಾವಣೆಗಳಲ್ಲಾಗಲಿ, ಔರಾದದ ಕಚೇರಿಗಳ ಆಸುಪಾಸಿನಲ್ಲಾಗಲಿ ಮನೆಯನ್ನು ‘ಕಿರಾಯಿ’ಗೆ ಕೊಟ್ಟಿರುವವರಲ್ಲಿ ಹೆಚ್ಚಿನವರು ಸಿರಿವಂತರೇನಲ್ಲ. ನಿವೃತ್ತಿ ವೇತನದ ಜೊತೆಗೆ ಎರಡು ಕೋಣೆಗಳ ಬಾಡಿಗೆಯನ್ನು ಕೂಡಿಸಿಕೊಂಡು ಸಂಸಾರ ಸಾಗಿಸುವ ಶಿಕ್ಷಕರು, ಗಂಡ ಬಿಟ್ಟುಹೋದ ಮನೆಯ ಮುಂಭಾಗವನ್ನು ಬಾಡಿಗೆಗೆ ಕೊಟ್ಟು ಹಿಂಭಾಗದಲ್ಲಿ ತಾವಿರುವ ವಿಧವೆಯರು, ಮಕ್ಕಳ ಓದಿಗೆಂದು ತಾಲೂಕು ಕೇಂದ್ರದಲ್ಲಿ ಸಾಲ ಮಾಡಿ ಮನೆ ಕಟ್ಟಿದ ರೈತರು: ಇವರೇ ಈ ಊರುಗಳ ಮಾಲೀಕವರ್ಗ. ಇವರಿಗೆ ಒಂದು ತಿಂಗಳು ಮನೆ ಖಾಲಿ ಬಿದ್ದರೆ ಆ ತಿಂಗಳ ಔಷಧಿಗೋ ಶಾಲೆಯ ಶುಲ್ಕಕ್ಕೋ ಕೊರತೆ ಬಿದ್ದಂತೆಯೇ.

ಇಂಥವರು ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ಮನೆಯನ್ನು ‘ಸುಧಾರಿಸಲು’ ಹೊರಡುತ್ತಾರೆ. ಮೇಸ್ತ್ರಿಯನ್ನು ಕೇಳಿದರೆ ನೆಲಕ್ಕೆ ಹೊಳೆಯುವ ಟೈಲು ಹಾಕಿಸಿರೆನ್ನುತ್ತಾನೆ. ಬಣ್ಣದವನನ್ನು ಕೇಳಿದರೆ ಗೋಡೆಗೆ ಹೊಸ ಬಣ್ಣ ಬೇಕೆನ್ನುತ್ತಾನೆ. ಅವರವರ ಕಸುಬು ಅವರವರ ಬಾಯಿಂದ ಮಾತಾಡುತ್ತದೆ, ಅದರಲ್ಲಿ ಅಚ್ಚರಿಯೇನಿಲ್ಲ. ಆದರೆ ಬಾಡಿಗೆಗೆ ಬಂದವರು ವರ್ಷ ತುಂಬುವ ಮೊದಲೇ ಗಂಟುಮೂಟೆ ಕಟ್ಟುವುದು ನೆಲದ ಬಣ್ಣ ಹಿಡಿಸದೆ ಅಲ್ಲ. ಮೇಲಿನಿಂದ ಸೋರುವ ನೀರು, ಗೋಡೆಯಲ್ಲಿ ಏರುವ ನೀರು, ಬೇಸಗೆಯಲ್ಲಿ ಬಾರದ ನೀರು, ಈ ಮೂರರಲ್ಲೊಂದೇ ಸಾಮಾನ್ಯವಾಗಿ ಅವರನ್ನು ಹೊರಡಿಸುವುದು. ಆದುದರಿಂದ ಸಣ್ಣ ಮಾಲೀಕರ ಮೊದಲ ರೂಪಾಯಿ ನೀರಿನ ಕಡೆಗೇ ಹೋಗತಕ್ಕದ್ದು.

ಮಾಳಿಗೆಯಿಂದ ತೊಡಗುವುದು ಲೇಸು. ಹಳೆಯ ಬೀದರಿನಲ್ಲಿಯೂ ಭಾಲ್ಕಿ, ಔರಾದಗಳ ಹಳೆಯ ಓಣಿಗಳಲ್ಲಿಯೂ ತೊಲೆ-ಜಂತೆಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆಗಳು ಇಂದಿಗೂ ಉಳಿದಿವೆ. ಬೇಸಗೆಯಲ್ಲಿ ಅವು ತಂಪು. ಆ ಗುಣವನ್ನು ಕಾಂಕ್ರೀಟು ಕೊಡಲಾರದು. ಆದರೆ ಸೋರಿದ ಕಡೆಗೆಲ್ಲ ಪ್ರತಿವರ್ಷವೂ ಹೊಸ ಮಣ್ಣು ಸುರಿಯುವ ರೂಢಿಯೊಂದಿದೆ. ಹಳೆಯ ಮಣ್ಣನ್ನು ತೆಗೆಯುವವರು ವಿರಳ. ಹತ್ತಡಿಗೆ ಹನ್ನೆರಡಡಿಯ ಒಂದು ಕೋಣೆಯ ಮೇಲೆ ಹೀಗೆ ಅರ್ಧ ಅಡಿ ಮಣ್ಣು ಹೆಚ್ಚಾಯಿತೆಂದರೆ, ಅದು ಮಳೆಯಲ್ಲಿ ನೆನೆದಾಗ ಮೂರು ಟನ್ನಿಗೆ ಸಮೀಪದ ಭಾರವಾಗುತ್ತದೆ. ಅಷ್ಟನ್ನೂ ಹೊರಬೇಕಾದುದು ಅಜ್ಜನ ಕಾಲದ ತೊಲೆ. ಆ ತೊಲೆಯಾದರೂ ನಡುವೆ ಗಟ್ಟಿಯಾಗಿ ಕಂಡು, ಗೋಡೆಯೊಳಗೆ ಹೊಕ್ಕ ತುದಿಯಲ್ಲಿ ಕೊಳೆತಿರುತ್ತದೆ. ಕಣ್ಣಿಗೆ ಕಾಣದ ಆ ಒಂದು ಗೇಣಿನಲ್ಲಿಯೇ ಮನೆಯ ಆಯುಷ್ಯವಿರುವುದು.

2019ರ ಜೂನ್ ತಿಂಗಳಲ್ಲಿ ಇದೇ ಜಿಲ್ಲೆಯ ಬಸವಕಲ್ಯಾಣದಲ್ಲಿ ಮನೆಯೊಂದರ ಛಾವಣಿ ಕುಸಿದು, ಮಲಗಿದ್ದ ಒಂದೇ ಕುಟುಂಬದ ಆರು ಮಂದಿ ಮಡಿದರು. ಅವರಲ್ಲಿ ನಾಲ್ವರು ಮಕ್ಕಳು. ಮುಂಗಾರಿನ ದಿನಗಳಲ್ಲಿ ಬಾಡಿಗೆದಾರರು ಬಂದು, “ಮಾಳಗಿ ಸೋರ್ಲತ್ತದ್ರಿ, ಕಾಕಾ” ಎಂದಾಗ “ಮಳಿ ನಿಂದ್ರಲಿ, ನೋಡಮ್” ಎಂದು ಮುಂದೆ ತಳ್ಳುವವರು ಈ ಸುದ್ದಿಯನ್ನು ಒಮ್ಮೆ ನೆನೆಯಬೇಕು. ಮೇ ತಿಂಗಳೊಳಗೆ ಮಾಡಬೇಕಾದ ಕೆಲಸ ಇಷ್ಟು: ಪ್ರತಿ ತೊಲೆಯ ತುದಿಯನ್ನು ಗೋಡೆಯ ಬುಡದಲ್ಲಿ ಮೊಳೆಯಿಂದ ಚುಚ್ಚಿ ನೋಡುವುದು, ಮೊಳೆ ಮೆತ್ತಗೆ ಇಳಿದರೆ ಬಡಗಿಯನ್ನು ಕರೆದು ಕೆಳಗೆ ಆಸರೆಯ ಕಂಬ ಕೊಡಿಸುವುದು, ಹೆಚ್ಚಿನ ಮಣ್ಣನ್ನು ಇಳಿಸಿ, ಉಳಿದುದಕ್ಕೆ ದೋಣಿಯ ಕಡೆಗೆ ಇಳಿಜಾರು ಕೊಟ್ಟು ಗಟ್ಟಿಸುವುದು. ತೊಲೆ ಬಾಗಿದ್ದರೆ ಆ ಕೋಣೆಯನ್ನು ಮಳೆಗಾಲ ಮುಗಿಯುವವರೆಗೆ ಖಾಲಿ ಮಾಡಿಸುವುದೇ ಸರಿ; ಆ ನಾಲ್ಕು ತಿಂಗಳ ಬಾಡಿಗೆ ಹೋದರೆ ಹೋಗಲಿ. ಕಾಂಕ್ರೀಟಿನ ಛಾವಣಿಯವರಿಗೆ ಇಷ್ಟು ಭಯವಿಲ್ಲ. ನೀರು ಹೋಗುವ ಕೊಳವೆಯ ಬಾಯಲ್ಲಿ ಎಲೆ ಕಸ ನಿಲ್ಲದಂತೆ ನೋಡಿಕೊಂಡು, ಬೇಸಗೆಗೆ ಮುಂಚೆ ಎರಡು ಸಲ ಸುಣ್ಣ ಬಳಿಸಿದರೆ ಕೆಳಗಿನ ಕೋಣೆಯ ಸೆಕೆಯೂ ಒಂದಿಷ್ಟು ಇಳಿಯುತ್ತದೆ.

ಇನ್ನು ಗೋಡೆ. ಬೀದರ್ ನಗರ ಕುಳಿತಿರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಈ ಕಲ್ಲು ತುಂಬ ರಂಧ್ರಗಳುಳ್ಳದ್ದು. ನೌಬಾದಿನಲ್ಲಿ ಬಹಮನಿ ಅರಸರ ಕಾಲದ ‘ಕರೇಜ್’ ಎಂಬ ಸುರಂಗಕಾಲುವೆಯಿದೆಯಷ್ಟೆ. ಜಂಬಿಟ್ಟಿಗೆಯ ಪದರದಲ್ಲಿ ಜಿನುಗುವ ನೀರನ್ನು ನೆಲದಡಿಯಲ್ಲಿಯೇ ಹರಿಸಿ, ಸಾಲುಬಾವಿಗಳ ಮೂಲಕ ಜನರಿಗೆ ದೊರಕಿಸಿದ ಆ ಜಾಣ್ಮೆಗೆ ಆಧಾರ ಈ ಕಲ್ಲಿನ ಹೀರುವ ಗುಣವೇ. ಅದೇ ಗುಣ ಮನೆಯ ಗೋಡೆಯಲ್ಲಿ ಶಾಪವಾಗುತ್ತದೆ. ತಳದ ತೇವವನ್ನು ಕಲ್ಲು ಮೇಲಕ್ಕೆ ಹೀರುತ್ತದೆ. ಹಿಂದಿನವರು ಸುಣ್ಣದ ಗಾರೆ ಬಳಿದಿದ್ದರಿಂದ ಹೀರಿದ ತೇವ ಗೋಡೆಯ ಮೈಯಿಂದ ಆರಿಹೋಗುತ್ತಿತ್ತು. ಈಗ ಒಳಹೊರಗೆ ಸಿಮೆಂಟು ಮೆತ್ತುವುದರಿಂದ ಅದಕ್ಕೆ ಹೊರಬರುವ ದಾರಿಯಿಲ್ಲ. ಸಿಮೆಂಟಿನ ಹಿಂದೆಯೇ ಮೇಲೇರಿ, ಎದೆಯೆತ್ತರದಲ್ಲಿ ಬಿಳಿಯ ಉಪ್ಪಾಗಿ ಅರಳಿ, ಗಿಲಾವನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಅದರ ಮೇಲೆ ಬಣ್ಣ ಬಳಿಸುವುದು ಹುಣ್ಣಿನ ಮೇಲೆ ಪೌಡರು ಹಚ್ಚಿದ ಹಾಗೆ.

ಇದಕ್ಕೆ ಮದ್ದು ಗೋಡೆಯ ಹೊರಗಿದೆ. ಬೀದಿಗೆ ಸಲಸಲವೂ ಕಾಂಕ್ರೀಟು ಹಾಕಿ ಹಾಕಿ ಎಷ್ಟೋ ಹಳೆಯ ಮನೆಗಳ ಹೊಸ್ತಿಲು ಈಗ ರಸ್ತೆಗಿಂತ ತಗ್ಗಿನಲ್ಲಿದೆ. ಮಳೆಯ ನೀರು ಗೋಡೆಯ ಬುಡದಲ್ಲಿಯೇ ನಿಲ್ಲುತ್ತದೆ. ಅಲ್ಲಿ ಕಿರಿದಾದ ಚರಂಡಿ ತೆಗೆಸಿ ನೀರನ್ನು ದೂರ ಸಾಗಿಸಬೇಕು. ಬಚ್ಚಲಿನ ಕೊಳವೆ ಗೋಡೆಯೊಳಗೆ ಜಿನುಗುತ್ತಿದೆಯೇ ಎಂದು ನೋಡಬೇಕು. ಬಳಿಕ ತೇವದ ಗುರುತಿನಿಂದ ಮೂರಡಿ ಮೇಲಿನವರೆಗೆ ಸಿಮೆಂಟನ್ನು ಕೆತ್ತಿಸಿ, ಗೋಡೆಯನ್ನು ಒಂದು ಬೇಸಗೆ ಬರಿಮೈಯಲ್ಲಿ ಒಣಗಬಿಟ್ಟು, ಸುಣ್ಣದ ಗಾರೆಯನ್ನೇ ಮಾಡಿಸಬೇಕು. ಸುಣ್ಣದ ಕೆಲಸ ಬಲ್ಲವರು ಈಗ ಕಡಿಮೆ; ಆದರೂ ಹುಡುಕಿದರೆ ಸಿಗುತ್ತಾರೆ.

ಭಾಲ್ಕಿ, ಔರಾದಗಳ ಕಡೆಗೆ ಇಳಿದರೆ ಸಮಸ್ಯೆಯ ಸ್ವರೂಪವೇ ಬೇರೆ. ಕಾರಂಜಾ, ಮಾಂಜ್ರಾ ನದಿಗಳ ಆಸುಪಾಸಿನ ಆ ಸೀಮೆಯಲ್ಲಿ ಎರೆಭೂಮಿಯೇ ಹೆಚ್ಚು. ತೊಗರಿ, ಕಡಲೆ, ಜೋಳಗಳಿಗೆ ತಾಯಿಯಾದ ಈ ಕರಿಯ ಮಣ್ಣು ಮನೆಗೆ ಮಲತಾಯಿ. ಮಳೆಯಲ್ಲಿ ಉಬ್ಬಿ, ಬೇಸಗೆಯಲ್ಲಿ ಕುಗ್ಗಿ, ಅಡಿಪಾಯವನ್ನು ತೊಟ್ಟಿಲಿನಂತೆ ತೂಗುತ್ತದೆ. ಬಾಗಿಲು, ಕಿಟಕಿಗಳ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಬೇಸಗೆಯಲ್ಲಿ ಬೆರಳು ಹೋಗುವಷ್ಟು ಬಿಚ್ಚಿ ಮಳೆಗಾಲದಲ್ಲಿ ಕೂದಲೆಳೆಯಷ್ಟಾದರೆ, ಅದು ಮಣ್ಣಿನ ಆಟವೇ. ಸಂದೇಹವಿದ್ದವರು ಬಿರುಕಿಗೆ ಅಡ್ಡಲಾಗಿ ಕಾಗದದ ಪಟ್ಟಿಯೊಂದನ್ನು ಅಂಟಿಸಿ, ತಾರೀಖು ಬರೆದಿಡಲಿ. ಪಟ್ಟಿ ಹರಿದರೆ ಬಿರುಕಿಗೆ ಜೀವವಿದೆಯೆಂದು ತಿಳಿಯಬಹುದು. ಜೀವವಿರುವ ಬಿರುಕಿಗೆ ಸಿಮೆಂಟು ತುಂಬಿಸುವುದು ವ್ಯರ್ಥ. ನೆಲದ ತೇವ ವರ್ಷವಿಡೀ ಒಂದೇ ಸಮನಾಗಿರುವಂತೆ ಮಾಡುವುದೇ ಉಪಾಯ: ಮನೆಯ ಸುತ್ತಲೂ ಮೂರು ನಾಲ್ಕು ಅಡಿ ಅಗಲಕ್ಕೆ ಹೊರಗೆ ಇಳಿಜಾರಾಗಿ ಶಹಾಬಾದಿನ ಫರಸಿ ಹಾಸಿ ಸಂದು ಮುಚ್ಚಿಸಬೇಕು, ಬಚ್ಚಲ ನೀರನ್ನು ಗೋಡೆಯ ಬುಡದಲ್ಲಿ ಇಂಗಿಸಬಾರದು, ದೊಡ್ಡದಾಗಿ ಬೆಳೆಯುವ ಮರವನ್ನು ಗೋಡೆಗೆ ಒತ್ತಿ ನೆಡಬಾರದು. ಬಾಡಿಗೆಗೆಂದೇ ಹೊಸ ಕೋಣೆ ಕಟ್ಟಿಸುವವರು ಎರೆಯ ಪದರವನ್ನು ದಾಟಿ ಗಟ್ಟಿ ಮೊರಮಿನವರೆಗೆ ಅಡಿಪಾಯ ಇಳಿಸಬೇಕು. ಪದರ ತೀರ ಆಳವಾಗಿದ್ದರೆ, ತಳದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟಿನ ಕಂಬಗಳನ್ನು ಹೂಳಿ ಅವುಗಳ ಮೇಲೆ ತೊಲೆ ಕಟ್ಟುವ ಕ್ರಮವೂ ಇದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನ ಸಂಸ್ಥೆ ಇದನ್ನು ಎರೆಭೂಮಿಗೆಂದೇ ಬೆಳೆಸಿತು.

ಬೇಸಗೆಯ ನೀರಿನ ವಿಷಯಕ್ಕೆ ಒಂದೇ ಲೆಕ್ಕ ಸಾಕು. ಸಾವಿರ ಚದರ ಅಡಿಯ ಛಾವಣಿಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 2,300 ಲೀಟರು ನೀರು. ಅದನ್ನು ಸೋಸಿ ನೆಲದೊಳಗಿನ ತೊಟ್ಟಿಗೋ ಕೊಳವೆಬಾವಿಯ ಪಕ್ಕದ ಇಂಗುಗುಂಡಿಗೋ ಇಳಿಸಿಕೊಂಡ ಮನೆಗೆ ಏಪ್ರಿಲ್‌ನಲ್ಲಿ ಬಾಡಿಗೆದಾರರ ಮುಂದೆ ತಲೆಯೆತ್ತಿ ಮಾತಾಡಲು ಬರುತ್ತದೆ. ಎರಡು ಸಂಸಾರಗಳಿಗೆ ಒಂದೇ ತೊಟ್ಟಿಯಿದ್ದರೆ ಜಗಳವೂ ಒಂದೇ ಕಡೆ ಹುಟ್ಟುತ್ತದೆ. ಬೇರೆ ಬೇರೆ ತೊಟ್ಟಿಯನ್ನಿಡುವುದು ಲೇಸು.

ವಿದ್ಯುತ್ತಿನ ಮೀಟರಿಗೂ ಇದೇ ಮಾತು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಪ್ರಯೋಜನ ಬಾಡಿಗೆದಾರರಿಗೂ ಉಂಟು. ಆದರೆ ತಿಂಗಳ ಬಳಕೆ 200 ಯೂನಿಟ್ಟನ್ನು ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಮೂರು ಸಂಸಾರಗಳು ಒಂದೇ ಮೀಟರಿನಡಿ ಇದ್ದರೆ ಬಳಕೆ ಆ ಗೆರೆಯನ್ನು ದಾಟುವುದು ಸುಲಭ; ಆಗ ಮೂವರಿಗೂ ನಷ್ಟ. ಜೆಸ್ಕಾಂ ಕಚೇರಿಗೆ ಅಲೆದು ಪ್ರತಿ ಮನೆಗೆ ಬೇರೆ ಮೀಟರು ಹಾಕಿಸಿದವರು ಬಾಡಿಗೆದಾರರ ಕೈಗೆ ತಿಂಗಳುತಿಂಗಳು ದುಡ್ಡು ಉಳಿಸಿಕೊಟ್ಟಂತೆ. ಅಂಥ ಮನೆಯನ್ನು ಬಿಟ್ಟುಹೋಗಲು ಯಾರಿಗೂ ಆತುರವಿರುವುದಿಲ್ಲ.

ಕಾಗದಪತ್ರದ ವಿಷಯದಲ್ಲಿ ನಮ್ಮವರು ಅಸಡ್ಡೆಯವರು. ‘ಬಾಯಿಮಾತೇ ಸಾಕು’ ಎಂದು ಮನೆ ಕೊಟ್ಟು ಎರಡು ವರ್ಷದ ಬಳಿಕ ವಕೀಲರ ಮನೆಗೆ ಅಲೆಯುವವರಿದ್ದಾರೆ. 1961ರ ಬಾಡಿಗೆ ನಿಯಂತ್ರಣ ಕಾಯಿದೆಯ ಸ್ಥಾನದಲ್ಲಿ 1999ರ ಕರ್ನಾಟಕ ಬಾಡಿಗೆ ಕಾಯಿದೆ ಬಂದು, 2001ರ ಕೊನೆಯ ದಿನದಿಂದ ಜಾರಿಯಾಯಿತು. ಊರಿನ ವರ್ಗಕ್ಕನುಸಾರ ತಿಂಗಳಿಗೆ 3,500 ಅಥವಾ 2,000 ರೂಪಾಯಿಗೆ ಮೀರಿದ ಬಾಡಿಗೆಯ ಕಟ್ಟಡಗಳನ್ನು ಅದು ಹೊರಗಿಟ್ಟಿರುವುದರಿಂದ, ಇಂದಿನ ಎಷ್ಟೋ ಬಾಡಿಗೆಗಳು 1882ರ ಸ್ವತ್ತು ವರ್ಗಾವಣೆ ಕಾಯಿದೆಗೆ ಸೇರುತ್ತವೆ. ಅದರ ಪ್ರಕಾರ, ಬೇರೆ ಕರಾರಿಲ್ಲದಿದ್ದಾಗ, ತಿಂಗಳ ಬಾಡಿಗೆಯನ್ನು ಕೊನೆಗಾಣಿಸಲು 15 ದಿನಗಳ ಲಿಖಿತ ಸೂಚನೆ ಬೇಕು. ಒಂದು ವರ್ಷಕ್ಕೆ ಮೀರಿದ ಅವಧಿಯ ಕರಾರು ನೋಂದಣಿಯಾಗಲೇಬೇಕು. ಊರೆಲ್ಲ ಹನ್ನೊಂದು ತಿಂಗಳ ಕರಾರನ್ನೇ ಬರೆಯುವ ಗುಟ್ಟು ಇದು. ಸೂಚನೆ ಕೊಟ್ಟೂ ಬಿಡದವರ ಬಾಗಿಲಿಗೆ ತಾನೇ ಬೀಗ ಜಡಿಯುವ ಮಾಲೀಕ ಪೇಚಿಗೆ ಸಿಕ್ಕುತ್ತಾನೆ: ಕಾನೂನಿನ ಕ್ರಮವಿಲ್ಲದೆ ಹೊರಹಾಕಲ್ಪಟ್ಟವರು ಆರು ತಿಂಗಳೊಳಗೆ ದಾವೆ ಹೂಡಿ ಮನೆಯ ಸ್ವಾಧೀನವನ್ನು ಮರಳಿ ಪಡೆಯಲು 1963ರ ನಿರ್ದಿಷ್ಟ ಪರಿಹಾರ ಕಾಯಿದೆ ಅವಕಾಶ ಕೊಟ್ಟಿದೆ.

ದುರಸ್ತಿಯ ಕುರಿತು ಆ 1882ರ ಕಾಯಿದೆಯಲ್ಲಿ ಇನ್ನೊಂದು ಮಾತಿದೆ. ಅದನ್ನು ಬಲ್ಲ ಮಾಲೀಕರು ಕಡಿಮೆ. ಮಾಲೀಕನು ಮಾಡಲೇಬೇಕಾದ ದುರಸ್ತಿಯನ್ನು, ತಿಳಿಸಿದ ಮೇಲೂ, ಸಕಾಲದಲ್ಲಿ ಮಾಡದಿದ್ದರೆ ಬಾಡಿಗೆದಾರರೇ ಮಾಡಿಸಿ, ವೆಚ್ಚವನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಛಾವಣಿ, ಗೋಡೆ, ಚರಂಡಿ, ನೀರಿನ ಮುಖ್ಯ ಕೊಳವೆ ಮಾಲೀಕರವು. ದೀಪ, ನಲ್ಲಿಯ ವಾಷರು, ಒಡೆದ ಗಾಜು ಇರುವವರವು ಎಂದು ಕರಾರಿನಲ್ಲಿಯೇ ಎರಡು ಸಾಲು ಬರೆದಿಟ್ಟರೆ ಈ ಪ್ರಸಂಗವೇ ಬಾರದು. ಬಾಡಿಗೆ ಪಡೆದಾಗಲೆಲ್ಲ ಚೀಟಿ ಕೊಡಬೇಕು. ಮುಂಗಡ ಹಣವನ್ನು ಬೇರೆಯಾಗಿ ಇಟ್ಟಿರಬೇಕು.

ಬಾಡಿಗೆಯನ್ನು ಏರಿಸುವ ಮುನ್ನ ಒಂದು ಗಣಿತ. ನಾಲ್ಕು ಸಾವಿರ ಕೊಡುತ್ತಿರುವ ಒಳ್ಳೆಯ ಸಂಸಾರಕ್ಕೆ ಐನೂರು ಹೆಚ್ಚು ಕೇಳಿ, ಅವರು ಹೊರಟು, ಮನೆ ಎರಡು ತಿಂಗಳು ಖಾಲಿ ಬಿತ್ತೆಂದಿಟ್ಟುಕೊಳ್ಳೋಣ. ವರ್ಷಕ್ಕೆ ಬರುವ ಹೆಚ್ಚಳ ಆರು ಸಾವಿರ. ಹೋದದ್ದು ಎಂಟು ಸಾವಿರ, ಮೇಲೆ ಸುಣ್ಣಬಣ್ಣದ ಖರ್ಚು. ಮನೆ ನೋಡಲು ಬಂದವರಿಗೆ ಬಾಡಿಗೆ ಹೇಳುವ ಮೊದಲೇ ಜಾತಿ ಕೇಳಿ ಹಿಂದಕ್ಕೆ ಕಳುಹಿಸುವವರ ಲೆಕ್ಕ ಇದಕ್ಕಿಂತಲೂ ವಿಚಿತ್ರ: ಬೀಗ ಹಾಕಿದ ಕೋಣೆಗೆ ಯಾವ ಜಾತಿಯೂ ಬಾಡಿಗೆ ಕೊಡುವುದಿಲ್ಲ.

ಆದಾಯ ತೆರಿಗೆಗೆ ಒಳಪಟ್ಟವರು ತಾವು ಕಟ್ಟಿದ ಆಸ್ತಿ ತೆರಿಗೆಯನ್ನು ಬಾಡಿಗೆಯಿಂದ ಕಳೆದು, ಉಳಿದುದರಲ್ಲಿ ನೂರಕ್ಕೆ 30ನ್ನು ರಸೀದಿಯಿಲ್ಲದೆಯೇ ಬಿಡಿಸಿಕೊಳ್ಳಬಹುದು. ಆ ಮೂವತ್ತರಲ್ಲಿ ಒಂದು ಪಾಲನ್ನು ಅಂಚೆ ಕಚೇರಿಯ ಪುಸ್ತಕದಲ್ಲಿ ಮಾಳಿಗೆಯ ಹೆಸರಿನಲ್ಲೇ ಕಟ್ಟುತ್ತ ಹೋದರೆ, ಮೇ ತಿಂಗಳಲ್ಲಿ ಬಡಗಿ ಬಾಗಿಲಿಗೆ ಬಂದಾಗ ಸಾಲಕ್ಕೆ ಹೋಗುವ ಅಗತ್ಯ ಬೀಳದು.